ಗೆಡ್ಡೆ ಎಂಬ ಒಂದೇ ಮಾತು

ಆ ವರ್ಷ ನಮ್ಮ ಮನೆಯಲ್ಲಿ ಕಾಫಿಗೂ ಗೆಡ್ಡೆ, ಚಪ್ಪಲಿಗೂ ಗೆಡ್ಡೆ, ಟೀವಿ ರಿಮೋಟಿಗೂ ಗೆಡ್ಡೆ, ನನಗೂ ಗೆಡ್ಡೆ. ಸ್ಟ್ರೋಕ್ ಹೊಡೆದ ಮೇಲೆ ಇವರ ಬಾಯಲ್ಲಿ ಉಳಿದದ್ದು ಅದೊಂದೇ ಶಬ್ದ. ಇವರು ಎಂದರೆ ನನ್ನ ಗಂಡ. ರಾಜಾಜಿನಗರದ ಸಣ್ಣದೊಂದು ಕಾರ್ಖಾನೆಯಲ್ಲಿ ಲೇತ್ ಮಿಷನ್ನಿನ ಮುಂದೆ ನಿಂತು ನಿಂತು ರಿಟೈರ್ ಆದವರು. ಆಮೇಲೆ ಕುರುಬರಹಳ್ಳಿಯ ನಮ್ಮ ಮನೆಯ ತಾರಸಿಯ ಮೇಲೆ ಖಾಲಿ ಸಿಮೆಂಟ್ ಚೀಲಗಳಿಗೆ ಮಣ್ಣು ತುಂಬಿ ಸುವರ್ಣಗೆಡ್ಡೆ ಬೆಳೆಯುವ ಹುಚ್ಚು ಹತ್ತಿಸಿಕೊಂಡರು. ಮಾತಿಗೆ ಕೂತರೆ ಎದುರಿದ್ದವರು ಆಕಳಿಸಿದರೂ ಬಿಡುತ್ತಿರಲಿಲ್ಲ. ಅಂಥವರ ಬಾಯಿಗೆ ಬೀಗ ಬಿತ್ತು.

ಆದದ್ದು ಬೆಳಗ್ಗೆ. ಸಂಕ್ರಾಂತಿ ಕಳೆದಿತ್ತು, ಚೀಲಗಳ ಮೇಲಿನ ಎಲೆಗಳೆಲ್ಲ ಹಳದಿಯಾಗಿ ಬಿದ್ದಿದ್ದವು. ಇವತ್ತು ಕಿತ್ತುಬಿಡೋಣ ಎಂದು ಮೇಲೆ ಹೋದರು. ನಾನು ಕೆಳಗೆ ಯಾರದೋ ಬ್ಲೌಸಿಗೆ ತೋಳು ಕೂಡಿಸುತ್ತಿದ್ದೆ. ಮನೆಯಲ್ಲೇ ಹೊಲಿಗೆ ನನ್ನ ಕಸುಬು. "ಲೇ, ಗೋಣಿಚೀಲ ತಗೊಂಡ್ ಬಾರೇ, ಗೆಡ್ಡೆ..." ಎಂದು ಮೇಲಿನಿಂದ ಕೂಗಿದ್ದು ಕೇಳಿಸಿತು. ಗೆಡ್ಡೆ ಕೀಳ್ತೀನಿ ಎಂದು ಮುಗಿಸಬೇಕಾಗಿತ್ತು, ಮುಗಿಸಲಿಲ್ಲ. ಬಂದೆ ಇರ್ರೀ ಎಂದು ದಾರ ಕಡಿದು ಮೇಲೆ ಹೋಗಿ ನೋಡಿದರೆ, ಚೀಲಕ್ಕೆ ಒರಗಿ ಕೂತಿದ್ದಾರೆ, ಬಾಯಿ ಒಂದು ಕಡೆ ಎಳೆದುಕೊಂಡಿದೆ, ಬಲಗೈಯಲ್ಲಿ ಇದ್ದ ಸಲಿಕೆ ಕೆಳಗೆ ಬಿದ್ದಿದೆ. "ಗೆಡ್ಡೆ," ಎಂದರು. "ಗೆಡ್ಡೆ, ಗೆಡ್ಡೆ." ಮೊದಲು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ.

ಮಹಡಿಯಲ್ಲಿ ಬಾಡಿಗೆಗಿರುವ ಆಂಟಿಯ ಗಂಡ ಆಟೋ ಕರೆದುತಂದರು. ಆಸ್ಪತ್ರೆಯ ಕೌಂಟರಿನ ಹುಡುಗಿ "ಪೇಷೆಂಟ್ ಹೆಸರೇನಮ್ಮ?" ಎಂದಳು. ನನಗೆ ಬಾಯಿ ಬರಲಿಲ್ಲ. ಗಂಡನ ಹೆಸರನ್ನು ನಾನು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ. ನಮ್ಮ ಕಡೆ ಹೇಳುವುದಿಲ್ಲ. ಮದುವೆಯ ದಿನ ಬಾಗಿಲಲ್ಲಿ ಅಡ್ಡಗಟ್ಟಿ ಹೆಸರು ಹೇಳಿಸಿದರಲ್ಲ, ಅದೇ ಮೊದಲು, ಅದೇ ಕೊನೆ. ಆಮೇಲೆ "ರೀ" ಎಂದರೆ ಇವರು, "ಲೇ" ಎಂದರೆ ನಾನು. ಹಿಂದೆ ನಿಂತವರು ಬೇಗ ಹೇಳಮ್ಮ ಎಂದು ಗದರಿದರು. ಕಡೆಗೆ ಹೇಳಿದೆ. ಹೇಳಿದ ಕೂಡಲೇ ಏನೋ ಅಪಶಕುನ ನುಡಿದ ಹಾಗಾಗಿ ಅಳು ಬಂತು. ಕೌಂಟರಿನ ಹುಡುಗಿ ಅದನ್ನು ಬೇರೆಯೇ ಅಳು ಎಂದು ತಿಳಿದು ನೀರು ಕೊಟ್ಟಳು.

ಜೀವ ಉಳಿಯಿತು. ಬಲಗೈ ಬಲಗಾಲು ಸೋತಿದ್ದವು, ಆದರೆ ವಾಕರ್ ಹಿಡಿದು ನಿಲ್ಲುವಷ್ಟಾದ ಮೇಲೆ ಮನೆಗೆ ಕಳಿಸಿದರು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಪೇಪರ್ ಮುಂದಿಟ್ಟುಕೊಂಡು ಕೂರುತ್ತಿದ್ದರು, ನಗುವ ಕಡೆ ನಗುತ್ತಿದ್ದರು. ಹೇಳಲು ಹೋದರೆ ಮಾತ್ರ ಎಲ್ಲ ದಾರಿಯೂ ಗೆಡ್ಡೆಗೇ ಬಂದು ನಿಲ್ಲುತ್ತಿತ್ತು. ಹಾಗಾಗುವುದುಂಟಂತೆ, ಒಂದೇ ಮಾತು ನಾಲಿಗೆಗೆ ಅಂಟಿಕೊಂಡುಬಿಡುತ್ತದಂತೆ.

ನಾನು ಆ ಭಾಷೆ ಕಲಿತೆ. ಉದ್ದಕ್ಕೆ ಎಳೆದರೆ ನೀರು. ಮೊಟಕಾಗಿ ಅಂದರೆ ಬಾತ್‌ರೂಮು, ಓಡಬೇಕು. ಎರಡೆರಡು ಸಲ ಅಂದರೆ ಫ್ಯಾನು, ಇಲ್ಲವೇ ಸಿಟ್ಟು. ತಪ್ಪು ತಿಳಿದು ನೀರು ಹಿಡಿದುಕೊಂಡು ಹೋದರೆ ಲೋಟವನ್ನು ಎಡಗೈಯಿಂದ ತಳ್ಳಿಬಿಡುತ್ತಿದ್ದರು. ನೆಲ ಒರೆಸಿ, ಬಟ್ಟೆ ಬದಲಿಸಿ, ಮಿಷನ್ ಮುಂದೆ ಕೂತು ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಮತ್ತೆ "ಗೆಡ್ಡೆ". ಒಂದು ದಿನ ಸಾಕಾಗಿ, "ಏನ್ರೀ ಗೆಡ್ಡೆ? ಏನ್ ಗೆಡ್ಡೆ? ನನ್ ತಲೆ ಗೆಡ್ಡೆ!" ಎಂದು ಕಿರುಚಿದೆ. ಇವರಿಗೆ ನಗು ಬಂದುಬಿಟ್ಟಿತು. ಬಾಯಿ ಸೊಟ್ಟಗೆ ಮಾಡಿಕೊಂಡು ನಕ್ಕರು. ನನಗೆ ನಗಲು ಶಕ್ತಿ ಇರಲಿಲ್ಲ.

ನೋಡಲು ಬಂದವರು ಇನ್ನೊಂದು ಪೀಡೆ. ಕಿವಿ ಹೋಗಿದೆಯೇನೋ ಎಂಬಂತೆ ಎಲ್ಲರೂ ಇವರ ಮುಖಕ್ಕೆ ಬಾಗಿ ಕೂಗುತ್ತಿದ್ದರು. "ನಾನ್ಯಾರು ಹೇಳಿ ನೋಡೋಣ?" ಎಂದು ಪರೀಕ್ಷೆ. "ಗೆಡ್ಡೆ" ಎಂದು ಉತ್ತರ. ಪಾಪ ಎಂದು ಲೊಚಗುಟ್ಟಿ, ನಾನು ಮಾಡಿದ ಕಾಫಿ ಕುಡಿದು, ಬಜೆ ತೇಯ್ದು ನಾಲಿಗೆಗೆ ಹಚ್ಚಿ ಎಂದೋ, ಜೋರಾಗಿ ಓದಿಸಿ ಎಂದೋ ಹೇಳಿ ಹೋಗುತ್ತಿದ್ದರು. ಉಲ್ಲಾಳದಲ್ಲಿರುವ ನನ್ನ ಮಗಳು ಭಾನುವಾರ ಬಸ್ಸು ಹಿಡಿದು ಬರುವಾಗ ಮಕ್ಕಳ ಚಾರ್ಟು ತರುತ್ತಿದ್ದಳು. ಆನೆ, ಇಲಿ, ಈಶ. ಇಡೀ ಗೋಡೆಗೆ ಅಂಟಿಸಿದಳು. ಇವರು ಆ ಗೋಡೆಗೆ ಬೆನ್ನು ಹಾಕಿ ಕೂರಲು ಶುರುಮಾಡಿದರು.

ಗೆಡ್ಡೆಯ ವಿಷಯ ನನಗೆ ಬೇಡವಾಗಿಯೂ ಗೊತ್ತಿತ್ತು. ಬಾಯಿ ಇದ್ದಾಗ ಇವರು ದಿನಕ್ಕೊಂದು ಪಾಠ ಮಾಡುತ್ತಿದ್ದರಲ್ಲ. ನಾನು ಅಡುಗೆಗೆ ಹೆಚ್ಚಲು ಕೂತರೆ ಸಾಕು, ಎದುರು ಸ್ಟೂಲು ಹಾಕಿಕೊಂಡು ಬರುತ್ತಿದ್ದರು. "ಆಲೂಗೆಡ್ಡೆ ಬೇರಲ್ಲ ಕಣೇ, ಕಾಂಡ. ಕಣ್ಣಿದೆ ನೋಡು, ಅಲ್ಲಿಂದ ಚಿಗುರೋದು. ಗೆಣಸು ನಿಜವಾದ ಬೇರು. ಈರುಳ್ಳಿ ಇದೆಯಲ್ಲ, ಅದು ಎಲೆ. ಊಟ ತುಂಬ್ಕೊಂಡಿರೋ ಎಲೆ." ಎಲೆಯೋ ಬೇರೋ, ನನಗೆ ಕಣ್ಣುರಿ. "ಹೆಚ್ಚೋಕೆ ಬಿಡ್ರೀ, ಕುಕ್ಕರ್ ಇಡ್ಬೇಕು" ಎಂದರೆ ಕೇಳುತ್ತಿರಲಿಲ್ಲ. ಸುವರ್ಣಗೆಡ್ಡೆಯ ಬಗ್ಗೆಯಂತೂ ಕೇಳುವುದೇ ಬೇಡ. ಅದಕ್ಕೆ ಇರುವುದು ಒಂದೇ ಒಂದು ಎಲೆ, ಛತ್ರಿ ಬಿಚ್ಚಿದ ಹಾಗೆ. ಮಳೆಗಾಲವೆಲ್ಲ ಆ ಒಂದು ಎಲೆ ಬಿಸಿಲು ಹಿಡಿದು ಊಟ ಮಾಡಿ, ತಾನು ತಿಂದದ್ದು ಸ್ವಲ್ಪ, ಮಿಕ್ಕಿದ್ದೆಲ್ಲ ಕೆಳಗೆ ಇಳಿಸುತ್ತದೆ. ಚಳಿ ಮುಗಿಯುತ್ತಾ ಬಂದಾಗ, ಇನ್ನು ಮುಂದೆ ನೀರಿಲ್ಲ ಎಂದು ಅದಕ್ಕೆ ಹೇಗೋ ಗೊತ್ತಾಗಿ, ಎಲೆಯಲ್ಲಿ ಉಳಿದಿರುವ ಸತ್ವವನ್ನೂ ಒಳಕ್ಕೆಳೆದುಕೊಂಡು ಎಲೆಯನ್ನು ಬೀಳಿಸಿಬಿಡುತ್ತದೆ. ಬೇರೂ ಒಣಗುತ್ತದೆ. ಒಳಗೆ ಉಳಿಯುವುದು ಬರೀ ಒಂದು ಉಂಡೆ.

"ದೊಡ್ಡ ಮರಕ್ಕಾದ್ರೆ ಬೇರು ಆಳಕ್ಕಿರುತ್ತೆ, ಬೇಸಿಗೆ ತಡ್ಕೊಳ್ಳುತ್ತೆ," ಎನ್ನುತ್ತಿದ್ದರು. "ಇಂಥ ಮೆತ್ತಗಿನ ಗಿಡ ಏನ್ ಮಾಡ್ಬೇಕು ಹೇಳು? ಅಂಗಡಿ ಬಾಗಿಲು ಹಾಕ್ಕೊಂಡು ಒಳಗೆ ಕೂತ್ಕೊಳ್ಳುತ್ತೆ. ವ್ಯಾಪಾರ ಇಲ್ಲ, ಖರ್ಚೂ ಇಲ್ಲ."

ಹಾಗೆ ಬಾಗಿಲು ಹಾಕಿಕೊಂಡ ಮೇಲೆ ನೀರು ಹಾಕಬಾರದು. ಇದನ್ನು ಎಷ್ಟು ಸಲ ಹೇಳಿದ್ದರೋ. ನಾನು ಬಟ್ಟೆ ಹಿಂಡಿದ ನೀರನ್ನು ಎಲ್ಲಿ ಚೆಲ್ಲುವುದೆಂದು ಚೀಲಗಳ ಕಡೆ ಬಕೆಟ್ ತಿರುಗಿಸಿದರೆ ತಾರಸಿಯ ಆ ತುದಿಯಿಂದ ಕೂಗು ಬರುತ್ತಿತ್ತು: "ಲೇ! ಅದಕ್ಕೀಗ ಬಾಯಿಲ್ಲ ಕಣೇ, ಯಾವುದ್ರಲ್ಲಿ ಕುಡಿಯುತ್ತೆ? ಕೊಳ್ತು ಹೋಗುತ್ತೆ!" ಬೇಸಿಗೆಯಲ್ಲಿ ಒಣಮಣ್ಣೇ ಅದಕ್ಕೆ ಕ್ಷೇಮ. ಹಾಳು ಬಿದ್ದಂತೆ ಕಾಣುವ ಚೀಲವನ್ನು ಹಾಳು ಬಿದ್ದಂತೆಯೇ ಬಿಡಬೇಕು. ನಮ್ಮ ಜನಕ್ಕೆ ಅದೇ ಆಗುವುದಿಲ್ಲ. ಒಣಗಿದ್ದು ಕಂಡರೆ ನೀರು ಹಾಕದೆ ಕೈ ಸುಮ್ಮನಿರುವುದಿಲ್ಲ.

ವಿಜಯನಗರದ ಒಂದು ಕ್ಲಿನಿಕ್ಕಿಗೆ ವಾರಕ್ಕೊಮ್ಮೆ ಆಟೋದಲ್ಲಿ ಇವರನ್ನು ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ಮಾತು ಕಲಿಸುವ ಥೆರಪಿಸ್ಟ್ ಒಬ್ಬಳಿದ್ದಳು, ನನ್ನ ಮಗಳಿಗಿಂತ ಚಿಕ್ಕವಳು, ತಾಳ್ಮೆ ಮಾತ್ರ ನನ್ನ ಅಜ್ಜಿಯದು. ಮನೆಯವರ ಫೋಟೋಗಳನ್ನು ಇವರ ಮುಂದೆ ಒಂದೊಂದಾಗಿ ಇಡುತ್ತಿದ್ದಳು. ಮನೆಯವರ ಹೆಸರು ಬೇಗ ಬರುತ್ತದೆ ಎಂದು ಅವಳ ಅನುಭವ. ನನ್ನ ಫೋಟೋ ಇಟ್ಟು, "ಅಂಕಲ್, ಇವ್ರ ಹೆಸರೇನು?" ಎಂದಳು. ಇವರು ಫೋಟೋ ನೋಡಿದರು, ನನ್ನನ್ನು ನೋಡಿದರು, ಬಾಯಿ ಬಿಗಿದುಕೊಂಡರು. ಗೆಡ್ಡೆ ಕೂಡ ಹೊರಡಲಿಲ್ಲ. ಅವಳು ಮೊದಲಕ್ಷರ ಹೇಳಿಕೊಟ್ಟಳು, ತುಟಿ ತೋರಿಸಿದಳು. ಊಹುಂ. ಮೂರು ವಾರವೂ ಇದೇ ಕತೆ. ಹೆಂಡತಿಯ ಹೆಸರೇ ಹತ್ತುತ್ತಿಲ್ಲವಲ್ಲ ಎಂದು ಆ ಹುಡುಗಿಯ ಮುಖ ಬಾಡಿತು.

ನನಗೆ ತಡೆಯಲಾಗಲಿಲ್ಲ. "ಅಮ್ಮಾ, ಅವ್ರು ಚೆನ್ನಾಗಿದ್ದಾಗಲೂ ನನ್ ಹೆಸರು ಹೇಳ್ದೋರಲ್ಲ. ಈಗ ಎಲ್ಲಿಂದ ತರ್ತಾರೆ?" ಎಂದೆ.

ಅವಳು ಪೆನ್ನು ಕೆಳಗಿಟ್ಟಳು. "ಅಯ್ಯೋ ಆಂಟಿ, ಮೊದಲೇ ಹೇಳ್ಬಾರ್ದಾ? ಮತ್ತೆ ಏನಂತ ಕರೀತಿದ್ರು?"

"ಲೇ ಅಂತ."

"ಲೇ?"

"ಹೂಂ. ಲೇ."

ಅವಳಿಗೆ ನಗು. ನನಗೂ ನಗು ಬರಬೇಕಾಗಿತ್ತು, ಆದರೆ ಆ ಎರಡಕ್ಷರವೂ ಇಲ್ಲದ ಶಬ್ದವನ್ನು ನನ್ನ ಬಾಯಿಂದ ಹೇಳಿದ ಮೇಲೆ ನಗಲಾಗದೆ ಎದ್ದು ಇವರ ವಾಕರ್ ಎಳೆದುಕೊಂಡೆ. ಯಾಕೆಂದು ಆಟೋದಲ್ಲಿ ಬರುವಾಗ ತಿಳಿಯಿತು. ಇವರು ಪೇಪರ್ ಓದಿ ಹೇಳದಿದ್ದರೆ ಬೇಡ, ಪಾಠ ಮಾಡದಿದ್ದರೆ ಇನ್ನೂ ಒಳ್ಳೆಯದು. ಹಾಲಿನವನೊಂದಿಗೆ, ಮೀಟರ್ ನೋಡಲು ಬರುವವನೊಂದಿಗೆ ಮಾತಾಡಲು ನಾನಿದ್ದೇನೆ. ನನಗೆ ಬೇಕಾದದ್ದು ಅದೊಂದು. ಲೇ ಎಂದು ಒಂದು ಸಲ ಕರೆಯಬೇಕು. ಈ ಮನೆಯಲ್ಲಿ ನಾನೊಬ್ಬಳಿದ್ದೇನೆ ಎಂದು ಇವರಿಗೆ ಗೊತ್ತಿದೆ ಎಂಬುದು ನನಗೆ ಗೊತ್ತಾಗಬೇಕು. ಗೆಡ್ಡೆ ಎಂದರೆ ಎತ್ತುವ ಕೈ, ಒರೆಸುವ ಬಟ್ಟೆ, ತಟ್ಟೆ ಇಡುವ ಕೆಲಸದವಳು. ಲೇ ಎಂದರೆ ನಾನು.

ಆ ಹುಡುಗಿ ಪಾಠದಲ್ಲಿ ಲೇಯನ್ನೂ ಸೇರಿಸಿದಳು. ಬರಲಿಲ್ಲ. "ಮಾತು ಸತ್ತಿಲ್ಲ ಆಂಟಿ, ಒಳಗಿದೆ, ದಾರಿ ಮುಚ್ಚಿದೆ ಅಷ್ಟೇ. ಒತ್ತಾಯ ಮಾಡ್ಬೇಡಿ" ಎಂದಳು. ಒಳಗಿದೆ, ಒಳಗಿದೆ. ಎಲ್ಲರೂ ಹಾಗೇ ಹೇಳುತ್ತಿದ್ದರು. ಒಳಗಿರುವುದನ್ನು ಇಟ್ಟುಕೊಂಡು ನಾನೇನು ಉಪ್ಪಿನಕಾಯಿ ಹಾಕಲೇ? ಮೇಲೆ ಕಾಣುವುದರ ಜೊತೆ ಬಾಳುವವಳು ನಾನು.

ಬೇಸಿಗೆ ಬಂತು. ಬೇಸಿಗೆ ಎಂದರೆ ಅಂಥಿಂಥದ್ದಲ್ಲ. ಕಾವೇರಿ ನೀರು ಬಿಟ್ಟರೆ ಬಿಟ್ಟರು, ಇಲ್ಲದಿದ್ದರೆ ಇಲ್ಲ. ಬೀದಿಗೆ ಟ್ಯಾಂಕರ್ ಬಂದರೆ ಜನ ಜಗಳಕ್ಕೆ ನಿಲ್ಲುತ್ತಿದ್ದರು. ಇವರ ಸ್ನಾನ, ಇವರ ಬಟ್ಟೆ, ಇವರ ಹಾಸಿಗೆ, ಎಲ್ಲಕ್ಕೂ ನೀರು ಬೇಕು. ತಾರಸಿಗೆ ನಾನು ಹೋಗುತ್ತಿದ್ದುದೇ ಬಟ್ಟೆ ಒಣಗಿಸಲು. ಅಲ್ಲಿ ಗೋಡೆಯ ಉದ್ದಕ್ಕೂ ಆ ಚೀಲಗಳು ಬಿರುಕು ಬಿಟ್ಟ ಮಣ್ಣು ತುಂಬಿಕೊಂಡು ನಿಂತಿದ್ದವು. ಆ ವರ್ಷ ಕಿತ್ತಿರಲಿಲ್ಲವಲ್ಲ, ಗೆಡ್ಡೆಗಳೆಲ್ಲ ಒಳಗೇ ಇದ್ದವು. ಯಾರು ಕೀಳುತ್ತಾರೆ? ಕಿತ್ತರೆ ಯಾರು ತಿನ್ನುತ್ತಾರೆ? ಶುಗರ್ ಇದೆ, ಮಣ್ಣಿನ ಕೆಳಗೆ ಬೆಳೆದದ್ದು ಕೊಡಲೇಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ತಿನ್ನಬಾರದ ಪದಾರ್ಥದ ಹೆಸರೊಂದೇ ಬಾಯಲ್ಲಿ ಉಳಿದಿದೆ ನೋಡಿ, ಗ್ರಹಚಾರ.

ಮಹಡಿಯ ಆಂಟಿ ಒಳ್ಳೆಯ ಹೆಂಗಸು. ನಾನು ಅವರನ್ನು ಆಂಟಿ ಎಂದರೆ ಅವರೂ ನನ್ನನ್ನು ಆಂಟಿ ಎಂದೇ ಕರೆಯುತ್ತಾರೆ. ಅಂಕಲ್ ಇಷ್ಟಪಟ್ಟು ಬೆಳೆಸಿದ ಗಿಡ, ಅವರು ಮಲಗಿರುವಾಗ ಒಣಗಬಾರದು ಎಂದು, ತಮ್ಮ ಅಕ್ಕಿ ತೊಳೆದ ನೀರನ್ನೆಲ್ಲ ಮೂಲೆಯ ಎರಡು ಚೀಲಗಳಿಗೆ ದಿನಾ ಸುರಿಯುತ್ತಿದ್ದರಂತೆ. ನೀರಿಗೆ ಅಷ್ಟು ತತ್ವಾರ ಇದ್ದಾಗ ಎಷ್ಟು ಪ್ರೀತಿ ಇದ್ದಿರಬೇಕು! ಒಂದು ದಿನ ಬಟ್ಟೆ ಹರವಲು ಹೋದಾಗ ಆ ಚೀಲಗಳ ಬುಡದಿಂದ ಕಂದು ರಸ ಸೋರುತ್ತಿತ್ತು. ಬೆರಳು ಹಾಕಿದರೆ ಬೆರಳು ಸಲೀಸಾಗಿ ಇಳಿಯಿತು. ಒಳಗೆ ಗೆಡ್ಡೆ ಕೊಳೆತು ಲೋಳೆಯಾಗಿತ್ತು. ನಾನು ಅವರಿಗೆ ಏನೂ ಹೇಳಲಿಲ್ಲ. ಇವರಿಗೂ ಹೇಳಲಿಲ್ಲ. ನನಗೆ ಜಗಳವಾಡುವ ಚೈತನ್ಯವೇ ಇರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ನಾತ ಶುರುವಾಯಿತು. ಸತ್ತ ಇಲಿಯ ನಾತ. ಎದುರುಮನೆಯವರು ಮೂಗು ಮುಚ್ಚಿಕೊಂಡು ಬಂದು, "ನಿಮ್ ಟ್ಯಾಂಕಲ್ಲಿ ಏನೋ ಬಿದ್ದಿದೆ ನೋಡಿಸಿ" ಎಂದರು. ಕೊಳೆತ ಚೀಲಗಳದ್ದೇ ಇರಬೇಕೆಂದು ಎರಡನ್ನೂ ಎಳೆಸಿ ಕಸದ ಗಾಡಿಗೆ ಹಾಕಿಸಿದೆ. ನಾತ ಹೋಗಲಿಲ್ಲ, ಇನ್ನೂ ಹೆಚ್ಚಾಯಿತು. ಬೆಳಗಿನ ಎಳೆಬಿಸಿಲಿಗೆ ಇವರನ್ನು ಕೂರಿಸಿ ಎಂದು ಡಾಕ್ಟರು ಹೇಳಿದ್ದರು, ಮೆಟ್ಟಿಲು ಹತ್ತುವುದೂ ವ್ಯಾಯಾಮ. ಆವತ್ತು ಕಂಬಿ ಹಿಡಿಸಿ, ಹಿಂದಿನಿಂದ ನಾನು ತಳ್ಳಿ, ಹೇಗೋ ಮೇಲೆ ತಂದು ಕುರ್ಚಿಯಲ್ಲಿ ಕೂರಿಸಿ ನೋಡುತ್ತೇನೆ, ಗೋಡೆಯ ಪಕ್ಕದ ಚೀಲದಲ್ಲಿ ಎಲೆಯಿಲ್ಲ, ಕಾಂಡವಿಲ್ಲ, ಬರೀ ಮಣ್ಣಿನ ಮೇಲೆ ಬದನೆಕಾಯಿ ಬಣ್ಣದ ಒಂದು ಹೂವು ಕೂತಿದೆ. ಹೂವು ಎನ್ನಲು ಮನಸ್ಸು ಬರಲಿಲ್ಲ. ಊಟದ ತಟ್ಟೆಯಷ್ಟು ಅಗಲ, ಮಧ್ಯೆ ಸುಕ್ಕುಗಟ್ಟಿದ ಗುಬುಟು, ಸುತ್ತ ನೊಣಗಳ ಜಾತ್ರೆ. ನಾತ ಅದರದ್ದೇ.

ಇವರು ಒಮ್ಮೆ ಹೇಳಿದ್ದು ಆಗ ಜ್ಞಾಪಕಕ್ಕೆ ಬಂತು. ವರ್ಷ ವರ್ಷ ಕಿತ್ತರೆ ಗೆಡ್ಡೆಗೆ ಹೂ ಬಿಡುವಷ್ಟು ಪುರುಸೊತ್ತೇ ಸಿಗುವುದಿಲ್ಲ. ಕೀಳದೆ ಬಿಟ್ಟರೆ ದೊಡ್ಡದಾಗಿ, ಒಂದು ಹನಿ ನೀರಿಲ್ಲದಿದ್ದರೂ, ಕೂಡಿಟ್ಟ ಊಟದಲ್ಲೇ ಬೇಸಿಗೆಯಲ್ಲಿ ಹೂ ಬಿಟ್ಟುಬಿಡುತ್ತದೆ. ನಾತ ಹೊಡೆಯುವುದು ನೊಣ ಕರೆಯಲು. ಇಷ್ಟು ವರ್ಷದಲ್ಲಿ ಇವರೂ ಅದನ್ನು ಕಂಡಿರಲಿಲ್ಲ. ಕುರ್ಚಿಯಿಂದ ಅರ್ಧ ಎದ್ದು, ಕಣ್ಣು ಇಷ್ಟಗಲ ಮಾಡಿ ನೋಡಿದರು. "ಗೆಡ್ಡೆ," ಎಂದರು. ಆ ವರ್ಷ ಆ ಮಾತು ಸರಿಯಾದ ಜಾಗದಲ್ಲಿ ಬಿದ್ದದ್ದು ಅದೊಂದು ಸಲ.

ಅಷ್ಟರಲ್ಲಿ ಮಹಡಿಯ ಆಂಟಿ ಬಕೆಟ್ ತುಂಬ ಫಿನಾಯಿಲ್ ನೀರು ಕಲಸಿಕೊಂಡು ಬಂದರು. "ಇದೇನಾ ಆಂಟಿ ಆ ದರಿದ್ರ? ಹಾಕಿಬಿಡ್ಲಾ? ಒಂದೇ ಸಲಕ್ಕೆ ಸತ್ತು ಹೋಗುತ್ತೆ."

"ಕೊಡಿ ಇಲ್ಲಿ, ನಾನೇ ಹಾಕ್ತೀನಿ," ಎಂದೆ. ನಿಜವಾಗಿಯೂ ಹಾಕುವವಳಿದ್ದೆ. ಎದುರುಮನೆಯವರ ಬಾಯಿಗೆ ಇನ್ನೊಂದು ದಿನ ಬೀಳುವುದು ನನ್ನಿಂದ ಸಾಧ್ಯವಿರಲಿಲ್ಲ. ಬಕೆಟ್ಟಿನ ತಳಕ್ಕೆ ಕೈ ಕೊಟ್ಟು ಎತ್ತಿದೆ.

"ಲೇ!"

ಬೀದಿಗೆಲ್ಲ ಕೇಳುವ ಹಾಗೆ. ಹಿಂದಿನ ದನಿ, ಹಿಂದಿನ ಗತ್ತು, ಹಿಂದಿನ ಸಿಟ್ಟು. ಬಕೆಟ್ ಕೈ ಜಾರಿ ಫಿನಾಯಿಲ್ ನೀರೆಲ್ಲ ನನ್ನ ಸೀರೆಯ ಮೇಲೆ, ಕಾಲಿನ ಮೇಲೆ. ತಿರುಗಿ ನೋಡಿದರೆ ಇವರ ಮುಖ ಕೆಂಪಾಗಿತ್ತು. ತಾವೇನಂದರೆಂದು ಇವರಿಗೆ ತಿಳಿದಿರಲಿಲ್ಲ, ನನ್ನ ಮುಖ ನೋಡಿ ತಿಳಿಯಿತು. ನಾನು ಆ ಒದ್ದೆ ಸೀರೆಯಲ್ಲೇ ನೆಲದ ಮೇಲೆ ಕೂತು, ಮಹಡಿಯ ಆಂಟಿ ನೋಡುತ್ತಿದ್ದರೂ ನಾಚಿಕೆಯಿಲ್ಲದೆ ಅತ್ತೆ. "ಏನಾಯ್ತು ಆಂಟಿ? ಕಣ್ಣಿಗೆ ಹೋಯ್ತಾ?" ಎಂದು ಅವರು ನೀರು ತರಲು ಓಡಿದರು.

ಹೂವು ತಾನಾಗಿಯೇ ಎರಡು ದಿನದಲ್ಲಿ ಕುಸಿಯಿತು. ನಾತವೂ ಹೋಯಿತು. ಕ್ಲಿನಿಕ್ಕಿನ ಹುಡುಗಿಗೆ ಕುಣಿದಾಡುತ್ತಾ ಇದನ್ನು ಹೇಳಿದರೆ ಅವಳು ಸಂತೋಷಪಟ್ಟಳು, ಆಮೇಲೆ ಮೆಲ್ಲಗೆ, "ಸಿಟ್ಟಲ್ಲಿ ಬರೋ ಮಾತು ತಾನಾಗೇ ಬರುತ್ತೆ ಆಂಟಿ. ಬೇಕು ಅಂತ ಹೇಳೋದು ಬೇರೆ ದಾರಿ. ತುಂಬಾ ಆಸೆ ಇಟ್ಕೋಬೇಡಿ" ಎಂದಳು. ನಾನು ಕೇಳಿಸಿಕೊಳ್ಳಲಿಲ್ಲ. ಮಾರನೆಯ ಬೆಳಗ್ಗೆಯಿಂದ ಹೊಸ ಆಟ ಶುರುಮಾಡಿದೆ. ಇವರನ್ನು ಕುರ್ಚಿಯಲ್ಲಿ ಕೂರಿಸುವುದು, ನಲ್ಲಿಯ ಹತ್ತಿರ ಹೋಗುವುದು, ಬಕೆಟ್ ಎತ್ತಿಕೊಂಡು ಚೀಲಗಳ ಕಡೆ ನಡೆಯುವುದು. "ಲೇ!" ನಾನು ನಿಲ್ಲುವುದು. "ಏನ್ರೀ?" ಎನ್ನುವುದು. "ಗೆಡ್ಡೆ!" ಎಂದು ಇವರು ಬೈಯುವುದು. ಆಹಾ, ಬೈಸಿಕೊಳ್ಳುವುದರಲ್ಲಿ ಅಷ್ಟು ಸುಖವಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಬಕೆಟ್ ತುಂಬಿಸುವುದನ್ನೂ ಬಿಟ್ಟೆ. ಎತ್ತಲು ಸೊಂಟದಲ್ಲಿ ತ್ರಾಣ ಎಲ್ಲಿತ್ತು? ಖಾಲಿ ಬಕೆಟ್ಟನ್ನೇ ಭಾರವಿದ್ದಂತೆ ಬಾಗಿ ಎತ್ತುತ್ತಿದ್ದೆ.

ದಿನ ಕಳೆದಂತೆ ಒಂದು ಯೋಚನೆ ಕಚ್ಚತೊಡಗಿತು. ಇವರು ಕೂಗುತ್ತಿರುವುದು ಯಾರಿಗೆ? ಕೆಳಗೆ ನಾನು ಮೂರು ಹೊತ್ತು ಎದುರಿಗೇ ಇರುತ್ತೇನೆ. ತಿನ್ನಿಸುತ್ತೇನೆ, ಉಡಿಸುತ್ತೇನೆ. ಅಲ್ಲಿ ಲೇ ಇಲ್ಲ. ಚೀಲದ ಹತ್ತಿರ ಹೋದರೆ ಮಾತ್ರ ಲೇ. ಹಾಗಾದರೆ ಇವರಿಗೆ ಹೊಟ್ಟೆ ಉರಿಯುವುದು ಆ ಉಂಡೆಗಾಗಿ, ನನಗಾಗಿ ಅಲ್ಲ. ಕೆಟ್ಟ ಹೊಟ್ಟೆಕಿಚ್ಚು ಬಂತು. ಮಣ್ಣಿನೊಳಗಿನ ಗೆಡ್ಡೆಯ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ ಬಂತಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು.

ಒಂದು ಬೆಳಗ್ಗೆ ಬಕೆಟ್ ಎತ್ತಿಕೊಂಡು ಹೋಗಿ ನಿಂತೆ. ಕೂಗಿಲ್ಲ. ಇನ್ನೂ ಬಾಗಿದೆ. ಕೂಗಿಲ್ಲ. ತಿರುಗಿ ನೋಡಿದರೆ ಇವರು ಬಕೆಟ್ಟನ್ನೇ ನೋಡುತ್ತಾ ಭುಜ ಕುಲುಕಿಸಿ ನಗುತ್ತಿದ್ದಾರೆ. ಖಾಲಿ ಎಂದು ಗೊತ್ತಾಗಿಬಿಟ್ಟಿತ್ತು. ಲೇತ್ ಮಿಷನ್ನಿನಲ್ಲಿ ಕೂದಲೆಳೆ ಅಂತರ ಹಿಡಿಯುತ್ತಿದ್ದ ಕಣ್ಣು, ತಪ್ಪುತ್ತದೆಯೇ? ನನಗೆ ನಗು ಬರಲಿಲ್ಲ. "ನಗ್ರಿ, ಚೆನ್ನಾಗ್ ನಗ್ರಿ. ನೀವೂ ನಿಮ್ ಗೆಡ್ಡೆನೂ ಇಲ್ಲೇ ಇರಿ," ಎಂದು ಬಕೆಟ್ ಎಸೆದು ಕೆಳಗೆ ಬಂದೆ. ಆಮೇಲೆ ಇವರನ್ನು ಇಳಿಸಲು ಮತ್ತೆ ನಾನೇ ಹತ್ತಿ ಹೋಗಬೇಕಾಯಿತು. ಕೋಪ ಮಾಡಿಕೊಂಡು ದೂರ ಹೋಗುವ ಭಾಗ್ಯವೂ ನನಗಿರಲಿಲ್ಲ.

ಆಟ ಅಲ್ಲಿಗೆ ಮುಗಿಯಿತು. ಲೇಯೂ ಮುಗಿಯಿತು. ಮುಂಗಾರಿಗೆ ಮುಂಚೆ ಗುಡುಗಿನ ಮಳೆ ಎರಡು ಸಲ ಸುರಿದು, ಉಳಿದ ಚೀಲಗಳಲ್ಲಿ ಗುಲಾಬಿ ಬಣ್ಣದ ಮೊಳಕೆಗಳು ಮಣ್ಣು ಸೀಳಿಕೊಂಡು ಎದ್ದವು. ಮಗಳು ಫೋಟೋ ತೆಗೆದು ಎಲ್ಲರಿಗೂ ಕಳಿಸಿದಳು. "ನೋಡಮ್ಮಾ, ಗಿಡ ಎದ್ದಿದೆ, ಅಪ್ಪನೂ ಇನ್ನೇನು ಮಾತಾಡ್ತಾರೆ" ಎಂದಳು. ಸುಮ್ಮನಿರೇ ಎಂದೆ. ಗೆಡ್ಡೆಯ ಇನ್ನೊಂದು ಸಂಗತಿ ಅವಳಿಗೆ ಅಪ್ಪ ಹೇಳಿರಲಿಲ್ಲ, ನನಗೆ ಹೇಳಿದ್ದರು. ಎದ್ದ ಮೊಳಕೆಗೆ ಮೊದಲ ಊಟ ಹಳೆಯ ಗೆಡ್ಡೆಯದು. ಎಲೆ ಬಿಚ್ಚಿಕೊಂಡು, ಮೇಲೆ ಹೊಸ ಗೆಡ್ಡೆ ಕಟ್ಟಿಕೊಳ್ಳುತ್ತಾ ಹೋದಂತೆ ಹಳೆಯದು ಕೆಳಗೆ ಬಸಿದು ಬಸಿದು ಸಿಪ್ಪೆಯಾಗುತ್ತದೆ. ಕೀಳುವಾಗ ಹೊಸದರ ಬುಡದಲ್ಲಿ ಆ ಸಿಪ್ಪೆ ಸಿಗುತ್ತದೆ, ಉಜ್ಜಿ ಎಸೆಯುತ್ತಾರೆ. ಎಲ್ಲರೂ ಇವರನ್ನು ತೋರಿಸಿ ಒಳಗೆ ಎಲ್ಲ ಇದೆ ಎನ್ನುತ್ತಿದ್ದರು. ನನ್ನೊಳಗೆ ಏನು ಉಳಿದಿದೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಸಿಪ್ಪೆ ಎನ್ನುತ್ತಿದ್ದೆ.

ಮಳೆ ಹಿಡಿದ ಒಂದು ಮಧ್ಯಾಹ್ನ ನನಗೆ ಜ್ವರ ಬಂತು. ಡೆಂಗಿಯೂ ಅಲ್ಲ, ಮತ್ತೊಂದೂ ಅಲ್ಲ, ಸುಸ್ತು ಜ್ವರದ ರೂಪದಲ್ಲಿ ಬಂದಿತ್ತು ಅಷ್ಟೇ. ಇವರಿಗೆ ಊಟ ಬಡಿಸಿ, ಮಾತ್ರೆ ಕೊಟ್ಟು, ನಡುಮನೆಯಲ್ಲಿ ಕಿಟಕಿಯ ಹತ್ತಿರ ಕೂರಿಸಿ, ಒಳಕೋಣೆಯಲ್ಲಿ ಮಿಷನ್ನಿನ ಪಕ್ಕ ಚಾಪೆ ಹಾಕಿಕೊಂಡು ಬಿದ್ದೆ. ಐದು ನಿಮಿಷ ಎಂದುಕೊಂಡವಳಿಗೆ ಕಣ್ಣು ಹತ್ತಿಬಿಟ್ಟಿತು. ಎಚ್ಚರವಾದಾಗ ಮಳೆ ನಿಂತು ಮನೆ ಮಬ್ಬಾಗಿತ್ತು. ಕಾಫಿಯ ಹೊತ್ತು ಮೀರಿತ್ತು. ಏಳಬೇಕು ಎಂದುಕೊಂಡರೆ ಕೈಕಾಲು ನನ್ನವಲ್ಲ. ಇನ್ನೇನು ಗೆಡ್ಡೆ ಎಂಬ ಕೂಗು ಬರುತ್ತದೆ, ಬರಲಿ, ಬಂದ ಮೇಲೆ ಏಳೋಣ ಎಂದು ಗೋಡೆ ಕಡೆ ತಿರುಗಿದೆ.

ನಡುಮನೆಯಲ್ಲಿ ಕುರ್ಚಿ ಕಿರುಗುಟ್ಟಿತು. ಗಂಟಲು ಸರಿಮಾಡಿಕೊಂಡ ಸದ್ದು. ಏನನ್ನೋ ಶುರುಮಾಡಿ ಬಿಟ್ಟ ಸದ್ದು, ಮತ್ತೆ ಶುರುಮಾಡಿ ಬಿಟ್ಟ ಸದ್ದು. ಆ ಹುಡುಗಿ ತುಟಿ ತೋರಿಸಿ ಹೇಳಿಕೊಡುವಾಗ ಇವರು ಹೀಗೇ ಒದ್ದಾಡುತ್ತಿದ್ದರು. ಈಗ ಎದುರಿಗೆ ಯಾರೂ ಇಲ್ಲ. ತಾರಸಿಯಲ್ಲ, ಬಕೆಟ್ಟಿಲ್ಲ, ಕಾಪಾಡಬೇಕಾದ ಯಾವ ಗೆಡ್ಡೆಯೂ ಕಣ್ಣಿಗೆ ಕಾಣುತ್ತಿಲ್ಲ.

"ಲೇ," ಎಂದರು.

ಸಿಟ್ಟಿಲ್ಲ. ಮೆತ್ತಗೆ, ಒಳಗಿದ್ದೀಯಾ ಎಂದು ಕೇಳುವಾಗ ಮೊದಲೆಲ್ಲ ಅನ್ನುತ್ತಿದ್ದರಲ್ಲ, ಹಾಗೆ.

ಓ ಎನ್ನಲು ಬಾಯಿ ತೆರೆದೆ. ತೆರೆದ ಬಾಯಿಗೆ ಸೆರಗು ಒತ್ತಿ ಹಿಡಿದು, ಉಸಿರು ಬಿಗಿದುಕೊಂಡು ಸುಮ್ಮನೆ ಮಲಗಿದೆ. ಇನ್ನೊಂದು ಸಲ ಕರೆಯಲಿ.